ಮೂರು ಹೆಸರಿನ ನಾಯಿಗೆ ಒಂದು ಗುಳಿಗೆ

ಔಷಧಿ ಡಬ್ಬಿಯೊಳಗೆ ಮಡಿಚಿ ಮಡಿಚಿ ತುರುಕಿರುವ ತೆಳ್ಳನೆಯ ಚೀಟಿಯನ್ನು ಪೂರ್ತಿ ಓದುವವರು ಈ ಭೂಮಿಯ ಮೇಲೆ ಎಷ್ಟು ಜನ ಇದ್ದಾರೋ ನನಗೆ ಗೊತ್ತಿಲ್ಲ. ಅವರಲ್ಲಿ ನಾನೊಬ್ಬಳು ಎಂಬುದನ್ನು ಮಾತ್ರ ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಇರುವೆಯ ಗಾತ್ರದ ಅಕ್ಷರ, ಈ ಕಡೆ ಓದಿದರೆ ಆ ಕಡೆಯದು ಕಾಣುವಂಥ ಕಾಗದ. ಆದರೂ ಕನ್ನಡಕ ಏರಿಸಿಕೊಂಡು, ಕಿಟಕಿಯ ಬೆಳಕಿಗೆ ಹಿಡಿದು, ಕೊನೆಯ ಸಾಲು ಮುಟ್ಟುವ ತನಕ ನನಗೆ ಸಮಾಧಾನವಿಲ್ಲ. ಓದಿ ಮುಗಿಸಿದ ಮೇಲೆ ಅದರಲ್ಲಿ ಬರೆದಿರುವ ಅಡ್ಡಪರಿಣಾಮಗಳೆಲ್ಲ ಒಂದೊಂದಾಗಿ ನನಗೆ ಬರತೊಡಗುತ್ತವೆ. ತಲೆ ತಿರುಗಬಹುದು ಎಂದಿದ್ದರೆ ತಿರುಗುತ್ತದೆ, ಬಾಯಿ ಒಣಗಬಹುದು ಎಂದಿದ್ದರೆ ತಂಬಿಗೆ ನೀರು ಸಾಲುವುದಿಲ್ಲ. ಒಮ್ಮೆ ನಮ್ಮ ಮನೆಯವರು ನೆಗಡಿಗೆ ಗುಳಿಗೆ ನುಂಗಿ ಆರಾಮಾಗಿ ಮಲಗಿದರು. ಚೀಟಿ ಓದಿದ ನನಗೆ ಮೈಯೆಲ್ಲ ತುರಿಕೆ. "ಗುಳಿಗಿ ನುಂಗಿದಾಂವ ನಾನು, ಕೆರ್ಕೊಳ್ಳಾಕಿ ನೀನು" ಎಂದು ಅವರು ಮಗ್ಗುಲಾದರು. ಇದನ್ನು ದಯವಿಟ್ಟು ಕಾಯಿಲೆ ಅನ್ನಬೇಡಿ, ಕುತೂಹಲ ಅನ್ನಿ. ನಾನು ಹಗರಿಬೊಮ್ಮನಹಳ್ಳಿಯ ಒಂದು ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಡುವವಳು. ನನಗೆ ಸಂಬಳ ಕೊಡುವುದೇ ಕುತೂಹಲಪಡುವುದಕ್ಕೆ ಎಂದು ತಿಳಿದುಕೊಂಡಿದ್ದೇನೆ.

ಇಷ್ಟು ಪೀಠಿಕೆ ಹಾಕಿದ್ದು ಒಂದು ನಾಯಿಯ ವಿಷಯ ಹೇಳುವುದಕ್ಕೆ. ನಮ್ಮ ನಾಯಿ ಎಂದು ಬರೆಯಲು ಹೋಗಿ ಕೈ ತಡೆದೆ, ಏಕೆಂದರೆ ಅದು ಇನ್ನೂ ತೀರ್ಮಾನವಾಗದ ವ್ಯಾಜ್ಯ. ಕೆಂದ ಬಣ್ಣದ ನಾಯಿ, ಒಂದು ಕಿವಿ ನೆಟ್ಟಗೆ, ಇನ್ನೊಂದು ಬಾಡಿದ ವೀಳ್ಯದೆಲೆಯ ಹಾಗೆ ಮಡಿಚಿಕೊಂಡದ್ದು. ಯಾವುದೋ ಕುರಿಹಿಂಡಿನ ಜೊತೆ ಬಂದು, ಕಾಲಿಗೆ ಜಾಲಿಮುಳ್ಳು ಚುಚ್ಚಿಸಿಕೊಂಡು ನಮ್ಮ ಓಣಿಯಲ್ಲಿ ಕುಳಿತುಬಿಟ್ಟಿತು. ಹಿಂಡು ಮುಂದೆ ಹೋಯಿತು, ಇದು ಉಳಿಯಿತು. ಮುಳ್ಳು ತೆಗೆದವಳು ನಾನು, ಆದ್ದರಿಂದ ನಾಯಿ ನನ್ನದು ಎಂಬುದು ನನ್ನ ವಾದ. ಅದು ಮೋಟರ್ ಸೈಕಲ್ಲುಗಳ ಬೆನ್ನು ಹತ್ತುವ ರಭಸ ನೋಡಿ ರಾಕೆಟ್ ಎಂದು ಹೆಸರಿಟ್ಟೆ. ನಮ್ಮ ಪಕ್ಕದಲ್ಲಿ ಖಾಜಾಭಾಯಿಯವರ ಗ್ಯಾರೇಜು ಇದೆ. ಪಂಪ್‌ಸೆಟ್ಟು, ಬೋರ್‌ವೆಲ್ ಮೋಟರು ರಿಪೇರಿ ಅವರ ಕಸುಬು. ಅಲ್ಲಿನ ತಾಮ್ರದ ವೈರನ್ನು ಕಳ್ಳರಿಂದ ಕಾಯುವುದು ಈ ನಾಯಿಯೇ. ಆದ್ದರಿಂದ ಅದು ಅವರದು, ಹೆಸರು ಷೇರು.

ಎದುರು ಮನೆಯ ಮಾಳಜ್ಜಿಯ ವಾದ ಇನ್ನೂ ಬಲವಾದದ್ದು. ಅವರ ಮನೆದೇವರು ಹಡಗಲಿ ಕಡೆಯ ಮೈಲಾರಲಿಂಗ. ಮೈಲಾರಲಿಂಗನಿಗೂ ನಾಯಿಗೂ ಇರುವ ನಂಟು ಈ ಸೀಮೆಯಲ್ಲಿ ಯಾರಿಗೂ ಹೇಳಿಕೊಡಬೇಕಾಗಿಲ್ಲ. ಕರಿಕಂಬಳಿಯ ಗೊರವಯ್ಯಗಳು ನಾಯಿಯ ಹಾಗೆ ಬೊಗಳಿ, ದೋಣಿ ಎಂಬ ತಮ್ಮ ಬಟ್ಟಲಿನಲ್ಲಿ ಹಾಕಿದ್ದಕ್ಕೆ ಬಾಯಿ ಹಾಕಿ ತಿನ್ನುವುದು ಭಕ್ತಿಯ ಒಂದು ರೀತಿ. ಮಾಳಜ್ಜಿಯ ಮನೆಯಲ್ಲಿ ಭಾನುವಾರ ಮೊದಲ ರೊಟ್ಟಿ ನಾಯಿಗೆ, ಆಮೇಲೆ ಮನುಷ್ಯರಿಗೆ. ಕುರಿ ಕಾಯುವ ಅವಳ ಮಗ ಬಂದರೂ ಸರಿ, ಎರಡನೆಯದಕ್ಕೇ ಕಾಯಬೇಕು. "ಅದು ನಿಮ್ಮ ಮನಿ ಹುಡುಕ್ಕೊಂಡು ಬಂದಿಲ್ಲವ್ವಾ ತಂಗಿ. ದೇವ್ರು ನನ್ನ ಬಾಗ್ಲಿಗಿ ಕಳಿಸ್ಯಾನ, ಅದು ದಾರಿ ತಪ್ಪಿ ನಿನ್ನ ಕಟ್ಟಿ ಮ್ಯಾಲ ಕುಂತೈತಿ" ಎನ್ನುತ್ತಾಳೆ. ಅವಳು ಇಟ್ಟ ಹೆಸರು ಮೈಲಾರಿ. ನಾಯಿಯಂತೂ ಮೂರು ಹೆಸರಿಗೂ ಬಾಲ ಆಡಿಸಿ, ಮೂರು ಮನೆಯಲ್ಲೂ ಉಂಡು, ಯಾರ ಮನಸ್ಸನ್ನೂ ನೋಯಿಸದೆ ಬದುಕಿತ್ತು. ನಮ್ಮ ಸ್ಟಾಫ್ ರೂಮಿನಲ್ಲಿ ಇಷ್ಟು ಚಾಲಾಕು ಯಾರಿಗೂ ಇಲ್ಲ.

ಹೀಗಿರುವಾಗ ರಾಕೆಟ್ಟು ಹಾರುವುದನ್ನು ನಿಲ್ಲಿಸಿತು. ಬೈಕು ಬಂದರೆ ತಲೆ ಎತ್ತಿ ನೋಡುವುದು, ನಾಲ್ಕು ಹೆಜ್ಜೆ ಓಡುವುದು, ಕೆಮ್ಮುವುದು, ಮತ್ತೆ ಬಂದು ಮಲಗುವುದು. ವಸಡು ಬಿಳಿಚಿಕೊಂಡಿತ್ತು. ಕಿವಿಯ ಸಂದಿಯಲ್ಲಿ ಉಣ್ಣೆಗಳು ಹುಣಸೆಬೀಜದ ಹಾಗೆ ಅಂಟಿಕೊಂಡಿದ್ದವು. ಖಾಜಾಭಾಯಿ ಬ್ಯಾಟರಿ ಹಿಡಿದು ಬಾಯಿಯೊಳಗೆ ನೋಡಿ, ತಮಗೆ ತಿಳಿದದ್ದು ಮೋಟರು ಮಾತ್ರ ಎಂದರು. ಮಾಳಜ್ಜಿ ದೃಷ್ಟಿ ತೆಗೆದಳು. ನನಗೆ ನಿಜವಾಗಿ ಭಯವಾಯಿತು. ಮೂರು ಮನೆಯ ಅನ್ನ ತಿಂದೂ ನಾಯಿ ಸೊರಗುತ್ತಿದೆ ಎಂದರೆ ಒಳಗೆ ನಾಲ್ಕನೆಯವರು ಯಾರೋ ಉಣ್ಣುತ್ತಿದ್ದಾರೆ ಎಂದೇ ಅರ್ಥ. ಒಂದು ಆಟೋ ಹಿಡಿದು, ನಾಯಿಯನ್ನು ಕಾಲ ಬಳಿ ಕೂರಿಸಿಕೊಂಡು ದನದ ದವಾಖಾನೆಗೆ ಹೋದೆ.

ಅಲ್ಲಿನ ಡಾಕ್ಟರು ಹರಪನಹಳ್ಳಿ ಕಡೆಯ ಹೆಣ್ಣುಮಗಳು. ಮಾತು ಕಡಿಮೆ, ಕೈ ಚುರುಕು. ಎಮ್ಮೆ, ಆಕಳು, ಹೋತಗಳ ನಡುವೆ ನಾಯಿ ಹಿಡಿದು ನಿಂತ ನನ್ನನ್ನು ಕರೆದು, ಎದೆಗೆ ಕೊಳವೆ ಇಟ್ಟು ಕೇಳಿದರು, ಮುಂಗಾಲಿನಿಂದ ರಕ್ತ ತೆಗೆದರು, ಮಲ ಪರೀಕ್ಷೆಗೂ ಬರೆದರು. "ಹೊಟ್ಟೆಹುಳ ಇರೋದು ಗ್ಯಾರಂಟಿ. ಕೆಮ್ಮು ಐತಲ್ಲ, ಅದಕ್ಕೆ ಎದೆಹುಳ ಏನಾದ್ರೂ ಐತಾ ಅಂತ ರಕ್ತ ನೋಡ್ತೀನಿ" ಎಂದರು. ನನ್ನ ಕಿವಿ ನಾಯಿಯದಕ್ಕಿಂತ ನೆಟ್ಟಗಾಯಿತು. ಹೊಟ್ಟೆಯಲ್ಲಿ ಹುಳ ಇರುವುದು ಗೊತ್ತು. ಪ್ರತಿ ವರ್ಷ ಬೋರ್ಡಿನ ಮೇಲೆ ಲಾಡಿಹುಳುವಿನ ಚಿತ್ರ ಬಿಡಿಸಿ, ಮಧ್ಯಾಹ್ನದ ಊಟದ ಗಂಟೆಗೆ ಸರಿಯಾಗಿ ಪಾಠ ಮುಗಿಸುವವಳು ನಾನು. ಆದರೆ ಎದೆಯಲ್ಲಿ, ಹೃದಯದೊಳಗೆ ಹುಳ ಹೇಗೆ ಹೋಗಿ ಕೂರುತ್ತದೆ?

"ಸೊಳ್ಳೆ ಮೇಡಂ" ಎಂದರು ಡಾಕ್ಟರು, ಒಂದು ಹೋತಕ್ಕೆ ಸೂಜಿ ಚುಚ್ಚುತ್ತಲೇ. ಹುಳ ಇರುವ ನಾಯಿಯ ರಕ್ತದಲ್ಲಿ ಕಣ್ಣಿಗೆ ಕಾಣದ ಮರಿಗಳು ಓಡಾಡುತ್ತವಂತೆ. ಸೊಳ್ಳೆ ಆ ರಕ್ತ ಹೀರಿದಾಗ ಮರಿಗಳು ಅದರ ಹೊಟ್ಟೆ ಸೇರುತ್ತವೆ. ಅಲ್ಲಿ ಕೆಲವು ದಿನ ಬೆಳೆದು, ಆ ಸೊಳ್ಳೆ ಇನ್ನೊಂದು ನಾಯಿಯನ್ನು ಕಚ್ಚಿದಾಗ ಚರ್ಮದೊಳಗೆ ಇಳಿಯುತ್ತವೆ. ಆಮೇಲೆ ಅವಸರವಿಲ್ಲದೆ, ತಿಂಗಳುಗಟ್ಟಲೆ ಮೈಯೊಳಗೇ ಪ್ರಯಾಣ ಮಾಡಿ ಹೃದಯಕ್ಕೂ ಶ್ವಾಸಕೋಶದ ದೊಡ್ಡ ರಕ್ತನಾಳಕ್ಕೂ ಬಂದು, ಗೇಣುದ್ದದ ಬಿಳಿ ದಾರಗಳ ಹಾಗೆ ನೆಲೆಸುತ್ತವೆ. ಸಮುದ್ರದ ಕಡೆ, ಮಳೆಯ ಕಡೆ ಇದು ಹೆಚ್ಚು, ನಮ್ಮ ಒಣ ಸೀಮೆಯಲ್ಲಿ ಅಷ್ಟಾಗಿ ಕಾಣುವುದಿಲ್ಲ, ಆದರೂ ಕಾಲುವೆ ನೀರು ಬಂದ ಕಡೆ ಸೊಳ್ಳೆಯೂ ಬಂದಿದೆ, ನೋಡಿಬಿಡುವುದು ಒಳ್ಳೆಯದು ಎಂದರು. ನಾನು ಕೇಳಿದ ಪ್ರಶ್ನೆಗಳನ್ನು ಇಲ್ಲಿ ಬರೆಯುವುದಿಲ್ಲ. ಸೊಳ್ಳೆಗೆ ಹೊಟ್ಟೆನೋವು ಬರುವುದಿಲ್ಲವೇ ಎಂದು ಕೇಳಿದಾಗ, ಹಿಂದೆ ಎಮ್ಮೆ ಹಿಡಿದು ನಿಂತಿದ್ದ ಯಜಮಾನರು "ಅಮ್ಮಾರ, ಎಮ್ಮಿಗಿ ಹೊತ್ತಾತು" ಎಂದರು.

ಪುಣ್ಯಕ್ಕೆ ಎದೆಹುಳ ಇರಲಿಲ್ಲ. ಹೊಟ್ಟೆಯಲ್ಲಿ ರಕ್ತ ಹೀರುವ ಕೊಕ್ಕೆಹುಳ, ಮೈಮೇಲೆ ಉಣ್ಣೆ, ಇವೇ ಅದನ್ನು ಸೊರಗಿಸಿದ್ದವು. ಅದಕ್ಕೆ ಅಲ್ಲೇ ಔಷಧಿಯಾಯಿತು. ಎದೆಹುಳ ಇನ್ನು ಮುಂದೆಯೂ ಬಾರದಿರಲಿ, ಹೊಟ್ಟೆಹುಳವೂ ಹತೋಟಿಯಲ್ಲಿರಲಿ ಎಂದು ತಿಂಗಳಿಗೊಮ್ಮೆ ಹಾಕುವ ಗುಳಿಗೆ ಬರೆದುಕೊಟ್ಟರು. ಸೊಳ್ಳೆ ಬಿಟ್ಟುಹೋದ ಮರಿಗಳನ್ನು ಅದು ದೊಡ್ಡವಾಗುವ ಮೊದಲೇ ಕೊಲ್ಲುತ್ತದೆ. ದೊಡ್ಡವಾದ ಮೇಲೆ ಅದರ ಆಟ ನಡೆಯುವುದಿಲ್ಲ, ಅದಕ್ಕೇ ತಿಂಗಳು ತಪ್ಪಿಸಬಾರದು. "ತೂಕಕ್ಕೆ ತಕ್ಕಂಗೆ ಒಂದೇ ಒಂದು. ನೆನಪಿರೋ ದಿನ ನೋಡ್ಕೊಂಡು ಹಾಕ್ರಿ" ಎಂದರು. ನೆನಪಿರುವ ದಿನ ಎಂದರೆ ನಮ್ಮ ಕಡೆ ಅಮಾವಾಸ್ಯೆ, ಮರೆಯಬೇಕೆಂದರೂ ಆಗದು. ಬೆಳಿಗ್ಗೆ ಎದ್ದರೆ ಓಣಿಯ ಟ್ರ್ಯಾಕ್ಟರು, ಆಟೋಗಳೆಲ್ಲ ಸ್ನಾನ ಮಾಡಿ, ಲಿಂಬೆಹಣ್ಣು ಕಟ್ಟಿಸಿಕೊಂಡು, ಕಾಯಿ ಒಡೆಸಿಕೊಳ್ಳುತ್ತಿರುತ್ತವೆ. ಖಾಜಾಭಾಯಿಯ ಗ್ಯಾರೇಜಿಗೂ ಅವತ್ತೇ ರಜೆ, ಏಕೆಂದರೆ ಅಮಾವಾಸ್ಯೆಯ ದಿನ ಮೋಟರು ಬಿಚ್ಚಿಸುವ ರೈತ ಈ ಸೀಮೆಯಲ್ಲಿ ಹುಟ್ಟಿಲ್ಲ.

ಇಷ್ಟಕ್ಕೆ ಸುಮ್ಮನಿದ್ದರೆ ಈ ಪ್ರಬಂಧ ಇಲ್ಲಿಗೇ ಮುಗಿಯುತ್ತಿತ್ತು. ಆದರೆ ತಿಳಿದದ್ದನ್ನು ಹೊಟ್ಟೆಯಲ್ಲಿ ಇಟ್ಟುಕೊಳ್ಳುವುದು ಟೀಚರುಗಳಿಗೆ ಆಗದ ಕೆಲಸ. ಆಟೋ ಇಳಿದವಳೇ ಖಾಜಾಭಾಯಿಯ ಗ್ಯಾರೇಜಿನ ಸಿಮೆಂಟು ನೆಲದ ಮೇಲೆ ಸೀಮೆಸುಣ್ಣದಲ್ಲಿ ನಾಯಿಯ ಹೃದಯ ಬಿಡಿಸಿದೆ. ನಾಲ್ಕು ಕೋಣೆ, ರಕ್ತನಾಳ, ಅದರೊಳಗೆ ಗಂಟುಗಂಟಾಗಿ ಹುಳ. ಮೋಟರು ಬಿಡಿಸಿಕೊಳ್ಳಲು ಬಂದ ರೈತರೊಬ್ಬರು ಅದು ಹೊಸ ಮಾಡಲಿನ ಪಂಪೇ ಎಂದು ವಿಚಾರಿಸಿದರು. ಖಾಜಾಭಾಯಿ ಕುಕ್ಕರಗಾಲಿನಲ್ಲಿ ಕುಳಿತು ಚಿತ್ರವನ್ನು ಬಹಳ ಹೊತ್ತು ನೋಡಿ, "ಅಂದ್ರ ಬಾವ್ಯಾಗಿನ ಪಾಚಿ ಫುಟ್‌ವಾಲಿನಾಗ ಸಿಕ್ಕಂಡಂಗ. ಮೋಟರ್ ತಿರುಗತೈತಿ, ನೀರು ಏರಂಗಿಲ್ಲ" ಎಂದರು. ಇದಕ್ಕಿಂತ ಚೆನ್ನಾಗಿ ನನಗೂ ಹೇಳಲು ಬರುತ್ತಿರಲಿಲ್ಲ. ಮಾಳಜ್ಜಿ ಮಾತ್ರ ಚಿತ್ರ ನೋಡಿ, ಸೆರಗಿನಿಂದ ಕಣ್ಣು ಒರೆಸಿಕೊಂಡಳು. "ಇಷ್ಟು ಹುಳ ಅದಾವೇನವ್ವಾ ಅದರ ಎದಿಯಾಗ?" ಇಲ್ಲ ಅಜ್ಜಿ, ಇವು ಬರಬಹುದಾದ ಹುಳ, ಈಗ ಬಂದಿಲ್ಲ ಎಂದೆ. ಬರಬಹುದಾದ್ದಕ್ಕೂ ಬಂದದ್ದಕ್ಕೂ ನಡುವೆ ಇರುವ ಅಂತರ ಪುಸ್ತಕದಲ್ಲಿ ಮಾತ್ರ ಇರುತ್ತದೆ ಎಂದು ನನಗೆ ಆಗ ಹೊಳೆಯಲಿಲ್ಲ.

ಅಮಾವಾಸ್ಯೆ ಬಂತು. ಬೆಳಿಗ್ಗೆ ಸ್ನಾನ ಮುಗಿಸಿ, ಗುಳಿಗೆ ಡಬ್ಬಿಯ ಚೀಟಿ ಮತ್ತೊಮ್ಮೆ ಓದಿ, ಜೊಲ್ಲು ಸುರಿಯಬಹುದು ಎಂಬಲ್ಲಿಗೆ ಬಂದಾಗ ಬಾಯಿ ಒರೆಸಿಕೊಂಡು ಹೊರಗೆ ಬಂದೆ. ರಾಕೆಟ್ಟಿಗೆ ಮಿರ್ಚಿ ಎಂದರೆ ಪ್ರಾಣ. ನಮ್ಮೂರಿನ ನಾಯಿ, ಮಂಡಕ್ಕಿ ಮಿರ್ಚಿಯ ವಾಸನೆಯಲ್ಲೇ ಬೆಳೆದದ್ದು. ಅಂಗಡಿಯಿಂದ ಒಂದು ಮಿರ್ಚಿ ತರಿಸಿ, ಹೊಟ್ಟೆ ಸೀಳಿ ಮೆಣಸಿನಕಾಯಿ ತೆಗೆದು, ಆ ಜಾಗದಲ್ಲಿ ಗುಳಿಗೆ ಇಟ್ಟು ಕೊಟ್ಟೆ. ಮಿರ್ಚಿ ಒಳಗೆ ಹೋಯಿತು, ಗುಳಿಗೆ ಮಾತ್ರ ತೊಳೆದಿಟ್ಟ ಹಾಗೆ ನನ್ನ ಪಾದದ ಬಳಿ ಬಿತ್ತು. ಬೆಲ್ಲದಲ್ಲಿ ಇಟ್ಟೆ, ಬೆಲ್ಲ ಹೋಯಿತು. ಶೇಂಗಾ ಹೋಳಿಗೆಯಲ್ಲಿ ಇಟ್ಟೆ, ಹೋಳಿಗೆಯೂ ಹೋಯಿತು. ಕಟ್ಟೆಯ ಮೇಲೆ ಪೇಪರು ಓದುತ್ತಿದ್ದ ನಮ್ಮ ಮನೆಯವರು, "ನಂಗೂ ಒಂದು ಗುಳಿಗಿ ಬರ್ದು ಕೊಟ್ಟಿದ್ರ ಚಲೋ ಇತ್ತು, ಹೋಳಿಗಿ ಸಿಗತಿತ್ತು" ಎಂದರು. ಕೊನೆಗೆ ಬಾಯಿ ತೆರೆದು, ನಾಲಿಗೆಯ ಬುಡಕ್ಕೆ ಇಟ್ಟು, ಮೂತಿ ಹಿಡಿದು ಗಂಟಲು ನೀವಿದೆ. ಗುಳುಂ ಎಂದಿತು. ಯುದ್ಧ ಗೆದ್ದವಳ ಹಾಗೆ ಒಳಗೆ ಹೋದೆ.

ಮಧ್ಯಾಹ್ನದ ಹೊತ್ತಿಗೆ ನಾಯಿ ವಾಂತಿ ಮಾಡಿತು. ಜೊಲ್ಲು ಹಗ್ಗದ ಹಾಗೆ ಇಳಿಯುತ್ತಿತ್ತು. ಎದ್ದು ನಿಂತರೆ ಹಿಂಗಾಲು ವಾಲುತ್ತಿತ್ತು. ಖಾಜಾಭಾಯಿ ಓಡಿಬಂದು ಅದರ ತಲೆ ತಮ್ಮ ತೊಡೆಯ ಮೇಲೆ ಇಟ್ಟುಕೊಂಡು, "ಟೀಚರಮ್ಮಾ, ನೀವೇನಾದ್ರೂ ಹಾಕಿದ್ರೇನು?" ಎಂದರು. ಬೆಳಿಗ್ಗೆ ಗುಳಿಗೆ ಹಾಕಿದೆ ಎಂದೆ. "ಯಾ ಅಲ್ಲಾ. ನಾನೂ ಹಾಕೀನಲ್ರೀ." ನನ್ನ ಚಿತ್ರ ನೋಡಿದ ದಿನದಿಂದ ಅವರಿಗೆ ನಿದ್ದೆಯೇ ಇರಲಿಲ್ಲವಂತೆ. ಸ್ಪೇರ್ ಪಾರ್ಟ್ ತರಲು ಹೊಸಪೇಟೆಗೆ ಹೋದಾಗ ಅದೇ ಗುಳಿಗೆ ತಂದು, ರಜೆಯ ದಿನ ಎಂದು ಅಮಾವಾಸ್ಯೆಗೇ ಕಾದು, ಖೀಮಾದ ಉಂಡೆಯಲ್ಲಿ ಇಟ್ಟು ಕೊಟ್ಟಿದ್ದರು. ಖೀಮಾದ ಜೊತೆ ಗುಳಿಗೆಯೂ ಸಲೀಸಾಗಿ ಹೋಗಿತ್ತು. ನನ್ನ ಮಿರ್ಚಿ, ಹೋಳಿಗೆಗಳೆಲ್ಲ ಆಮೇಲಿನದು. ಇಬ್ಬರೂ ಏಕಕಾಲಕ್ಕೆ ಎದುರು ಮನೆಯ ಕಡೆ ನೋಡಿದೆವು.

ಮಾಳಜ್ಜಿ ಬಾಗಿಲ ಬಳಿ ಕಂಬಕ್ಕೆ ಒರಗಿ ನಿಂತಿದ್ದಳು. "ನಾ ಏನೂ ಹಾಕಿಲ್ಲ. ರೊಟ್ಟಿ ಹಾಕೀನಿ, ದಿನಾ ಹಾಕತೀನಿ" ಎಂದಳು. ಬರೀ ರೊಟ್ಟಿಯೇ ಎಂದೆ. ಕಂಬದ ಸುಣ್ಣವನ್ನು ಉಗುರಿನಿಂದ ಕೆರೆದಳು. ನಾಯಿಯ ಜೀವ ಅಜ್ಜಿ, ಹೇಳು ಎಂದೆ. "ಕುರಿ ಔಷಧ ಸವರೀನಿ. ಮಗ ಕುರಿಗಿ ಕುಡಸ್ತಾನಲ್ಲ, ಹುಳಕ್ಕ. ಸೀಸೆದಾಗ ಒಂದೀಟು ಕೊಟ್ಟು ಹೋಗ್ಯಾನ. ಕುರಿಗಿ ಆಕ್ಕೈತಿ ಅಂದ್ರ ನಾಯಿಗಿ ಯಾಕ ಆಗಂಗಿಲ್ಲ ಅಂತ ಹಾಕೀನಿ." ಎಷ್ಟು ಎಂದರೆ ಕೈ ಮಡಿಚಿ ಅಂಗೈಯ ಗುಳಿ ತೋರಿಸಿದಳು. ಮೂರು ಮನೆಯವರೂ ಪ್ರೀತಿಯಿಂದ, ಒಬ್ಬರಿಗೊಬ್ಬರು ಹೇಳದೆ, ಒಂದೇ ಅಮಾವಾಸ್ಯೆಯ ಬೆಳಿಗ್ಗೆ ಒಂದೇ ಹೊಟ್ಟೆಗೆ ಔಷಧಿ ಸುರಿದಿದ್ದೆವು.

ದವಾಖಾನೆಯಲ್ಲಿ ಡಾಕ್ಟರು ನಾಯಿಗಿಂತ ಮೊದಲು ನಮ್ಮ ಮೂವರನ್ನೂ ನೋಡಿದರು. ಗುಳಿಗೆ ಎರಡಾದದ್ದು ಅಷ್ಟು ದೊಡ್ಡ ಅಪಾಯವಲ್ಲ, ಆದರೆ ಕುರಿ ಔಷಧಿ ಯಾವುದು ಎನ್ನುವುದು ಮುಖ್ಯ ಎಂದರು. ಕೆಲವು ಔಷಧಿ ಕುರಿಗೆ ಅಮೃತ, ನಾಯಿಯ ತಲೆಗೆ ಏರಿದರೆ ವಿಷ. "ಅದರ ಬಾಟ್ಲಿ ಬೇಕು ನಂಗೆ" ಎಂದರು. ಹೆಸರು ಬರೆದಿದ್ದ ಮೂಲ ಬಾಟ್ಲಿ ಇದ್ದದ್ದು ತಂಬ್ರಹಳ್ಳಿ ಕಡೆ ಕುರಿ ಬಿಟ್ಟುಕೊಂಡಿದ್ದ ಮಗನ ಹತ್ತಿರ. ಅವನ ಫೋನು ಹತ್ತುತ್ತಿಲ್ಲ. ಖಾಜಾಭಾಯಿ ಬೈಕು ಹತ್ತಿ ಹೊರಟರು. ನಾನು, ಮಾಳಜ್ಜಿ ಬೇವಿನ ಮರದ ಕೆಳಗೆ ಕುಳಿತೆವು. ಒಳಗೆ ನಾಯಿಗೆ ಸಲೈನು ಏರುತ್ತಿತ್ತು. ನಾನು ಯಾವ ಪ್ರಶ್ನೆಯನ್ನೂ ಕೇಳಲಿಲ್ಲ. ಮಾಳಜ್ಜಿ ನನ್ನ ಕಡೆ ನೋಡದೆ, "ನೀನು ಆ ಚಿತ್ರ ಬರೀಬಾರ್ದಿತ್ತವ್ವಾ" ಎಂದಳು. ಬೈದಿದ್ದರೆ ವಾಸಿಯಿತ್ತು. ನಾಯಿ ಸತ್ತರೆ ಈ ಓಣಿಯಲ್ಲಿ ನಾವು ಮೂವರೂ ಒಬ್ಬರ ಮುಖ ಒಬ್ಬರು ನೋಡುವುದು ಹೇಗೆ ಎಂದು ನಾನು ಯೋಚಿಸುತ್ತಿದ್ದೆ.

ಖಾಜಾಭಾಯಿ ಬಾಟ್ಲಿಯನ್ನು ಅಂಗಿಯೊಳಗೆ ಇಟ್ಟುಕೊಂಡು ಬಂದರು. ಡಾಕ್ಟರು ಅದರ ಮೇಲಿನ ಹೆಸರು ಓದಿ, ಮೊದಲ ಸಲ ಕುರ್ಚಿಗೆ ಒರಗಿದರು. "ಬದುಕಿದ್ರಿ. ಇದು ಹೊಟ್ಟೆಹುಳದ ಬಿಳಿ ಔಷಧಿ. ಜಾಸ್ತಿ ಆಗೈತೆ, ಸುಸ್ತು ಮಾಡ್ತೈತೆ, ಜೀವ ತೆಗಿಯೋದಿಲ್ಲ. ಇನ್ನೊಂದು ಔಷಧಿ ಆಗಿದ್ರೆ ನಾನೇನೂ ಹೇಳಾಕೆ ಆಗ್ತಿರ್ಲಿಲ್ಲ." ಆಮೇಲೆ ನಮ್ಮ ಕಡೆ ತಿರುಗಿ, "ನಾಯಿ ಯಾರ್ದು?" ಎಂದರು. ಅಷ್ಟು ದಿನ ನನ್ನದು ನನ್ನದು ಎಂದು ವಾದಿಸಿದ ಮೂವರೂ ನೆಲ ನೋಡಿದೆವು. "ಒಬ್ರು ಹಾಕ್ರಿ. ಯಾರಾದ್ರೂ ಒಬ್ರು" ಎಂದು ಅವರು ಮುಂದಿನ ಎಮ್ಮೆಯನ್ನು ಕರೆದರು. ಸಂಜೆಗೆ ರಾಕೆಟ್ಟು ನೀರು ಕುಡಿಯಿತು. ಮೂವರಿಗೂ ಒಂದೊಂದು ಸಲ ಬಾಲ ಆಡಿಸಿತು.

ಆ ಒಬ್ಬರು ಯಾರು ಎನ್ನುವುದು ಗ್ಯಾರೇಜಿನಲ್ಲಿ ಚಹಾ ಕುಡಿಯುತ್ತ ತೀರ್ಮಾನವಾಯಿತು. ಖಾಜಾಭಾಯಿ ದೊಡ್ಡ ಮನಸ್ಸಿನಿಂದ ತಮ್ಮ ಹಕ್ಕು ಬಿಟ್ಟುಕೊಟ್ಟರು. ಮಾಳಜ್ಜಿ ತನಗೆ ಗುಳಿಗೆಯ ಸಹವಾಸವೇ ಬೇಡ ಎಂದಳು. "ನೀವು ಓದಿದಾಕಿ. ಹುಡುಗ್ರ ಹಾಜರಿ ಹಿಡ್ಯಾಕಿ. ನಿಮ್ಮ ಕೈಯಾಗ ಇರ್ಲಿ" ಎಂದು ಖಾಜಾಭಾಯಿ ತಮ್ಮ ಬಳಿ ಉಳಿದ ಗುಳಿಗೆಯ ಪಟ್ಟಿಯನ್ನೂ ದವಾಖಾನೆಗೆ ಕೊಟ್ಟುಬಂದರು. ನನಗೆ ಹೆಮ್ಮೆಯಾಯಿತು ಎಂದು ಮುಚ್ಚುಮರೆಯಿಲ್ಲದೆ ಹೇಳುತ್ತೇನೆ. ಹೆಡ್‌ಮಾಸ್ತರಿಕೆ ಬಂದರೂ ಅಷ್ಟು ಹೆಮ್ಮೆಯಾಗುತ್ತಿರಲಿಲ್ಲ.

ಮುಂದಿನ ಅಮಾವಾಸ್ಯೆಯ ಬೆಳಿಗ್ಗೆ ಎದ್ದವಳೇ ಗುಳಿಗೆಯನ್ನು ಸೆರಗಿನ ತುದಿಗೆ ಗಂಟು ಹಾಕಿಕೊಂಡೆ. ಮರೆಯಬಾರದು ಎಂದಾಗ ನಮ್ಮ ಮನೆಯಲ್ಲಿ ಎಲ್ಲರೂ ಮಾಡುವುದೇ ಅದು. ಆಮೇಲೆ ನನ್ನ ತಲೆಗೆ ಬಂದ ಮೊದಲ ವಿಚಾರ, ಇವರು ಮತ್ತೆ ಏನಾದರೂ ಹಾಕಿಬಿಟ್ಟರೆ? ನೇರವಾಗಿ ಖಾಜಾಭಾಯಿಯ ಮನೆಗೆ ಹೋದೆ. ಅವರ ಹೆಂಡತಿ ಖೀಮಾದ ಉಂಡೆ ಕಟ್ಟುತ್ತಿದ್ದರು. ನಾಯಿಗಲ್ಲವಷ್ಟೇ ಎಂದು ಖಚಿತ ಮಾಡಿಕೊಂಡೆ. "ನೀವು ಹಾಕಿದ್ರಿಲ್ಲ?" ಎಂದು ಅವರು ಕೇಳಿದರು. ಹಾಕೀನಿ ಎಂದೆ. ಹಾಕುವವಳು ನಾನೇ ಎಂಬ ಅರ್ಥದಲ್ಲಿ ಬಾಯಿಂದ ಬಂದ ಮಾತು ಅದು. ಮಾಳಜ್ಜಿಯ ಮನೆಯಲ್ಲಿ ರೊಟ್ಟಿ ಬುಟ್ಟಿ ತೆಗೆಸಿ ನೋಡಿದೆ, ಸೀಸೆ ಎಲ್ಲಿದೆ ಎಂದು ವಿಚಾರಿಸಿದೆ. ಅವಳೂ ಕೇಳಿದಳು. ಹಾಕೀನಿ ಅಜ್ಜಿ, ನೀನು ನಿಶ್ಚಿಂತೆಯಿಂದಿರು ಎಂದೆ. ಮೂರನೆಯ ಸಲ ಖಾಜಾಭಾಯಿಗೇ ದಾರಿಯಲ್ಲಿ ಹೇಳುವಷ್ಟರಲ್ಲಿ, ಹಾಕಿದ್ದು ನನಗೇ ಕಣ್ಣಿಗೆ ಕಟ್ಟಿದ ಹಾಗಿತ್ತು. ಮನೆಗೆ ಬಂದು, ಕೆಲಸ ಮುಗಿಸಿದವರ ನೆಮ್ಮದಿಯಲ್ಲಿ ಊಟ ಮಾಡಿ ಮಲಗಿದೆ.

ಸಂಜೆ ಬಟ್ಟೆ ಬದಲಾಯಿಸುವಾಗ ಸೆರಗಿನ ಗಂಟು ಕೈಗೆ ಸಿಕ್ಕಿತು. ಗುಳಿಗೆ ಅಲ್ಲೇ ಇತ್ತು.

ಏನೂ ಆಗಿಲ್ಲ, ಬೆಳಿಗ್ಗೆ ಹಾಕಿದರೇನು, ಸಂಜೆ ಹಾಕಿದರೇನು ಎಂದು ಧೈರ್ಯ ತಂದುಕೊಂಡು, ಯಾರೂ ಇಲ್ಲದ್ದು ನೋಡಿ ಹಿತ್ತಲ ಬಾಗಿಲಿಂದ ಹೊರಟೆ. ಮಳೆ ಬಂದು ನಿಂತಿತ್ತು. ಚರಂಡಿಯ ಪಕ್ಕ ಸೊಳ್ಳೆಗಳು ಮುತ್ತಿಕೊಂಡಿದ್ದವು. ರಾಕೆಟ್ಟು ಗ್ಯಾರೇಜಿನ ಪಕ್ಕದ ಗೋಡೆಯ ಹತ್ತಿರ ಮಲಗಿತ್ತು. ಬಗ್ಗಿ ಬಾಯಿ ತೆರೆದದ್ದೇ ತಡ, ಹಿಂದಿನಿಂದ ಖಾಜಾಭಾಯಿ ನನ್ನ ಕೈ ಮುಂದೆ ತಮ್ಮ ಟವೆಲ್ಲು ಅಡ್ಡ ಹಿಡಿದರು. "ಟೀಚರಮ್ಮಾ, ಏನ್ ಮಾಡಾಕ್ಹತ್ತೀರಿ? ಎರಡನೇದು ಹಾಕಾಕ್ಹತ್ತೀರಲ್ರೀ." ಅವರ ದನಿ ಕೇಳಿ ಮಾಳಜ್ಜಿ ಬಂದಳು, ಅವಳ ಹಿಂದೆ ಅಕ್ಕಪಕ್ಕದವರು. ಕಳ್ಳಿಯ ಹಾಗೆ ಗುಳಿಗೆ ಹಿಡಿದು ನಿಂತಿದ್ದೆ. ಇದು ಮೊದಲನೆಯದು ಎಂದೆ. "ಮುಂಜಾನಿ ನನ್ನ ಮುಂದ ಹಾಕೀನಿ ಅಂದ್ರಿ. ನಮ್ಮ ಮನಿಯಾಕಿ ಮುಂದನೂ ಅಂದ್ರಿ. ಈಗ ಹಾಕಿಲ್ಲ ಅಂತೀರಿ. ಎರಡ್ರಾಗ ಯಾವ್ದು ಖರೆ?" ಮರೆತೆ ಎಂದೆ. ಖಾಜಾಭಾಯಿ ನನ್ನ ಮರ್ಯಾದೆ ಉಳಿಸುವ ಹಾಗೆ ತಲೆ ಅಲ್ಲಾಡಿಸಿದರು. "ನೀವು ಮರಿಯಾಕಿ ಅಲ್ಲ ಬಿಡ್ರಿ. ಎರಡೂ ಮನಿ ತಿರುಗಿ ತಪಾಸ್ ಮಾಡಿದಾಕಿ ಮರೀತಾಳಂದ್ರ ಯಾರು ನಂಬತಾರ. ಈ ತಿಂಗಳು ಬಿಟ್ಟುಬಿಡಾನ. ಎರಡು ಹಾಕಾದಕ್ಕಿಂತ ಒಂದೂ ಇಲ್ದಿದ್ರ ವಾಸಿ."

ಡಾಕ್ಟರನ್ನು ಕೇಳೋಣವೆಂದರೆ ಅವರು ಅಮಾವಾಸ್ಯೆಗೆಂದು ಉಚ್ಚಂಗಿದುರ್ಗದ ಗುಡಿಗೆ ಹೋಗಿದ್ದರು, ಆ ಗುಡ್ಡದಲ್ಲಿ ಫೋನು ಹತ್ತುತ್ತಿರಲಿಲ್ಲ. ಸುಮ್ಮನೆ ಒಪ್ಪಿಕೊಂಡು ಮನೆಗೆ ಹೋಗಿಬಿಡಬಹುದಿತ್ತು. ಮರೆಯದ ಟೀಚರು ಎಂಬ ಹೆಸರು ಉಳಿಯುತ್ತಿತ್ತು. ಆದರೆ ನಾಯಿಯ ಮಡಿಚಿದ ಕಿವಿಯ ಮೇಲೆ ಒಂದು ಸೊಳ್ಳೆ ಬಂದು ಕೂತಿತು. ಅದರ ಹೊಟ್ಟೆ ಕೆಂಪಗೆ ಉಬ್ಬುವುದನ್ನು ನಾನು ನೋಡಿದೆ. ಅದು ಇದಕ್ಕೆ ಮೊದಲು ಯಾವ ನಾಯಿಯ ಮೇಲೆ ಕೂತಿತ್ತೋ, ಒಳಗೆ ಏನಿತ್ತೋ, ಮುಂದಿನ ಅಮಾವಾಸ್ಯೆಯೊಳಗೆ ಅದು ಎಷ್ಟು ದೂರ ನಡೆದಿರುತ್ತದೋ. ನಾನು ಖರೇನೇ ಮರೆತೆ, ಹಾಕಲು ಬಿಡಿ ಎಂದು ಕೈಮುಗಿದೆ.

ಮಾಳಜ್ಜಿ ನನ್ನ ಮುಖವನ್ನು ಒಂದು ಗಳಿಗೆ ನೋಡಿದಳು. ಸೊಂಟದ ಚೀಲ ಬಿಚ್ಚಿ ಅಂಗೈ ಮೇಲೆ ಮೈಲಾರಲಿಂಗನ ಭಂಡಾರ ಸುರಿದುಕೊಂಡಳು. "ಮುಟ್ಟಿ ಹೇಳು" ಎಂದಳು. ಈ ಸೀಮೆಯಲ್ಲಿ ಭಂಡಾರ ಮುಟ್ಟಿ ಹೇಳಿದ ಮಾತಿಗೆ ಮೇಲ್ಮನವಿ ಇಲ್ಲ. ಹೊಲದ ಬದು, ಕಳೆದ ಕುರಿ, ಅಣ್ಣತಮ್ಮಂದಿರ ಜಗಳ ಎಲ್ಲವೂ ಆ ಹಳದಿ ಪುಡಿ ಮುಟ್ಟಿದಲ್ಲಿಗೆ ಮುಗಿಯುತ್ತವೆ. ಅರಿಶಿನ ಸೋಪಿನ ನೀರಿಗೆ ಕೆಂಪಾಗುತ್ತದೆ ಎಂದು ಪ್ರತಿ ವರ್ಷ ಪ್ರಯೋಗ ಮಾಡಿ ತೋರಿಸುವವಳು ನಾನು. ಆದರೆ ಆ ಅಂಗೈ ಮುಂದೆ ಬಂದಾಗ ನನ್ನ ಕೈ ಹಿಂದೆ ಸರಿಯಿತು. ಬೆಳಿಗ್ಗೆ ನಿಜವಾಗಿಯೂ ಹಾಕಿದ್ದರೆ? ಇದು ಬೇರೆ ಗುಳಿಗೆಯಾಗಿದ್ದರೆ? ಅಷ್ಟು ಸಲ ಹಾಕೀನಿ ಎಂದದ್ದು ಸುಳ್ಳೆಂದು ನನಗೇ ನಂಬಿಕೆ ಬರಲಿಲ್ಲ. ಎದ್ದಾಗಿನಿಂದ ಮಾಡಿದ್ದನ್ನೆಲ್ಲ ಮೊದಲಿನಿಂದ ನೆನೆದೆ. ಗಂಟು ಹಾಕಿದ್ದು ನೆನಪಿತ್ತು, ಬಿಚ್ಚಿದ್ದು ಎಲ್ಲಿಯೂ ಇರಲಿಲ್ಲ. ಸಂಜೆ ಸಿಕ್ಕಾಗಲೂ ಗಂಟು ನಾನು ಬೆಳಿಗ್ಗೆ ಬಿಗಿದ ಹಾಗೆಯೇ ಇತ್ತು. ಭಂಡಾರ ಮುಟ್ಟಿದೆ. "ನಾಯಿಗಿ ಗುಳಿಗಿ ಹಾಕಾದು ನಾ ಮರ್ತೀನಿ" ಎಂದೆ. "ಜೋರಾಗಿ" ಎಂದಳು ಮಾಳಜ್ಜಿ. ಓಣಿಯ ಆ ತುದಿಗೆ ಕೇಳುವ ಹಾಗೆ ಇನ್ನೊಮ್ಮೆ ಹೇಳಿದೆ. ಖಾಜಾಭಾಯಿ ಟವೆಲ್ಲು ಹೆಗಲಿಗೆ ಹಾಕಿಕೊಂಡರು. ಗುಳಿಗೆ ಮಾಳಜ್ಜಿಯ ರೊಟ್ಟಿ ತುಣುಕಿನಲ್ಲಿ ಸೇರಿ, ಒಂದೇ ಗುಟುಕಿಗೆ ಒಳಗೆ ಹೋಯಿತು.

ನಾಯಿ ಈಗ ಮೊದಲಿನ ಹಾಗೆ ಬೈಕುಗಳ ಬೆನ್ನು ಹತ್ತುತ್ತದೆ. ಅಮಾವಾಸ್ಯೆಯ ಗುಳಿಗೆ ಇವತ್ತಿಗೂ ನನ್ನ ಕೈಯಲ್ಲೇ ಇದೆ, ಹಾಕುವಾಗ ಮಾತ್ರ ಉಳಿದಿಬ್ಬರೂ ಎದುರಿಗೆ ನಿಂತಿರುತ್ತಾರೆ. ಅದಕ್ಕೆ ನನಗೆ ಬೇಸರವಿಲ್ಲ. ಬೇಸರವಿರುವುದು ಬೇರೆಯದಕ್ಕೆ. ಮೊನ್ನೆ ನಳದ ಹತ್ತಿರ ಹೆಂಗಸರೆಲ್ಲ ಕೊಡ ಇಟ್ಟುಕೊಂಡು ನಿಂತಿದ್ದರು. ಇವತ್ತು ನೀರು ಬರುತ್ತದೆ, ನಾನು ವಿಚಾರಿಸಿದ್ದೇನೆ ಎಂದೆ. ಎಲ್ಲರೂ ಮಾಳಜ್ಜಿಯ ಕಡೆ ನೋಡಿದರು. ಅವಳು ಕೊಡ ಕೆಳಗಿಟ್ಟು, ನಿಧಾನವಾಗಿ ಸೊಂಟದ ಚೀಲದ ಕಡೆ ಕೈ ಒಯ್ದಳು. ನಾನು, ಇನ್ನೊಂದು ಸಲ ವಿಚಾರಿಸಿಕೊಂಡು ಬರುತ್ತೇನೆ ಎಂದು ಮನೆಯ ಕಡೆ ನಡೆದೆ.